ಆಲೆಮನೆಯ ನಲವತ್ತು ನಿಮಿಷ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಸುಳ್ಳೇನಲ್ಲ. ಯಾರನ್ನಾದರೂ ಮುಂದೆ ಕೂರಿಸಿಕೊಂಡು ಧ್ವನಿಮುದ್ರಣ ಮಾಡುವಾಗ ಪಕ್ಕದ ಮನೆಯವರು ಮಿಕ್ಸಿ ಹಾಕಿದರೆ, ಬಾಗಿಲು ಕಿರ್ರೆಂದರೆ, ನಾನು ಕೇಳಿದ್ದೊಂದು ಅವರು ಹೇಳುವುದೊಂದು ಆದರೆ, ಮೈಯೆಲ್ಲ ಉರಿದುಹೋಗುತ್ತದೆ. ಸರ್ಕಾರಿ ರೇಡಿಯೊಗೆ ಅರೆಕಾಲಿಕ ವರದಿಗಾರ್ತಿಯಾಗಿ ಸೇರಿ ಮೂವತ್ತು ವರ್ಷ ದಾಟಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದವು. ಈ ನಾಲ್ಕರಲ್ಲಿ ನಾನು ಗದರಿಸಿ ಸುಮ್ಮನಾಗಿಸದ ಮನುಷ್ಯರೂ ಕೋಳಿಗಳೂ ಕಡಿಮೆ. ಆದಿಚುಂಚನಗಿರಿಯಲ್ಲಿ ಒಂದು ಸಲ ಸಂದರ್ಶನದ ಮಧ್ಯೆ ನವಿಲು ಕೂಗಿತೆಂದು ಅದಕ್ಕೂ ಬೈದಿದ್ದೇನೆ. ಎದುರಿಗಿದ್ದ ಪ್ರಾಧ್ಯಾಪಕರು ತಮಗೇ ಬೈದೆನೆಂದು ಮಾತು ನಿಲ್ಲಿಸಿಬಿಟ್ಟರು.

ವಾರಕ್ಕೊಂದು ರೈತರ ಕಾರ್ಯಕ್ರಮಕ್ಕೆ ಒಂದು ಸಂದರ್ಶನ, ನಡುನಡುವೆ ಸುದ್ದಿ. ಮೊದಮೊದಲು ಕ್ಯಾಸೆಟ್ಟಿನ ಕಾಲ. ಹೆಗಲಿಗೆ ಇಟ್ಟಿಗೆಯಷ್ಟು ಭಾರದ ಟೇಪ್ ರೆಕಾರ್ಡರು ಹಾಕಿಕೊಂಡು ಕಿಕ್ಕೇರಿ ಕಡೆಯ ಬಸ್ಸಿನಲ್ಲಿ ನಿಂತೇ ಹೋಗಿ, ಬರುವಾಗ ಕ್ಯಾಸೆಟ್ಟನ್ನು ಕಂಡಕ್ಟರ ಕೈಗೆ ಕೊಟ್ಟು ರೇಡಿಯೊ ಕೇಂದ್ರಕ್ಕೆ ಕಳಿಸುತ್ತಿದ್ದೆ. ಒಬ್ಬ ಕಂಡಕ್ಟರಂತೂ ‘ಇದ್ರೊಳ್ಗೆ ಹಾಡೈತಾ ಮಾತೈತಾ’ ಎಂದು ಪ್ರತಿ ಸಲವೂ ಕೇಳುತ್ತಿದ್ದ. ಮಾತು ಎಂದರೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದ. ಈಗ ಎಲ್ಲ ಅಂಗೈಯಗಲದ ಯಂತ್ರ, ಉಗುರಿನಷ್ಟು ಕಾರ್ಡು. ಮನೆಯಲ್ಲೇ ಕಂಪ್ಯೂಟರಿನಲ್ಲಿ ಕತ್ತರಿಸಿ, ಜೋಡಿಸಿ, ಅಲ್ಲಿಂದಲೇ ಕಳಿಸಿದರಾಯಿತು. ಯಾರ ಮುಖವನ್ನೂ ನೋಡಬೇಕಾಗಿಲ್ಲ.

ನನ್ನ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ, ದೇವಸ್ಥಾನದ ಹಿಂದಿನ ಬೀದಿಯಲ್ಲಿದೆ. ಅಪ್ಪ ದೇವಸ್ಥಾನದ ಕೆಲಸದಲ್ಲಿದ್ದವರು. ಅವರು ಹೋದ ಮೇಲೆ ಅಮ್ಮ, ನಾನು. ಅಮ್ಮ ಹೋದ ಮೇಲೆ ನಾನು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹೋಯಿತು. ಅದರಲ್ಲಿ ಒಂದು ಸಲ ತಪ್ಪು ನನ್ನದೇ, ನನ್ನ ಬಾಯದು. ಒಳಗಿನ ಕೋಣೆಯ ಗೋಡೆಗೆ ಹಳೆಯ ಕೌದಿ ನೇತುಹಾಕಿ ಅದನ್ನೇ ನನ್ನ ಸ್ಟುಡಿಯೊ ಮಾಡಿಕೊಂಡಿದ್ದೇನೆ. ರೈಲು ಬಂತೆಂದರೆ ಕೆಲಸ ನಿಲ್ಲಿಸಬೇಕು, ಹೋದ ಮೇಲೆ ಮತ್ತೆ ಶುರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ನಾಲ್ಕು ತಾಲ್ಲೂಕಿನ ಜನ ಒಬ್ಬರಾದ ಮೇಲೊಬ್ಬರು ಮಾತಾಡುತ್ತಾರೆ. ಎಷ್ಟೋ ಸಲ ನಾನು ‘ಹೂಂ, ಆಮೇಲೆ?’ ಎಂದು ಗಟ್ಟಿಯಾಗಿ ಉತ್ತರ ಕೊಟ್ಟು, ಆಮೇಲೆ ನಾಚಿಕೊಂಡಿದ್ದೇನೆ. ಗಂಟೆಗಟ್ಟಲೆ ಮನುಷ್ಯರ ಮಾತು ಕೇಳುತ್ತೇನೆ, ಆ ದಿನ ನನ್ನೊಡನೆ ಮಾತಾಡಿದವರು ಹಾಲಿನವನೊಬ್ಬನೇ ಆಗಿರುತ್ತಾನೆ. ಒಂಟಿತನ ಎಂದರೆ ಇದೇ ಇರಬೇಕು ಎಂದು ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು.

ಕತ್ತರಿಸುವುದರಲ್ಲಿ ನನ್ನ ಕೈ ಚುರುಕು ಎಂದು ಕೇಂದ್ರದವರು ಹೊಗಳುತ್ತಿದ್ದರು. ಮೊದಲು ನನ್ನ ಪ್ರಶ್ನೆಗಳನ್ನೆಲ್ಲ ತೆಗೆಯುತ್ತೇನೆ. ಆಮೇಲೆ ಕೆಮ್ಮು, ‘ಏನಪ್ಪಾ ಅಂದ್ರೆ’, ‘ಅದೇ ಇದು’, ಸುಮ್ಮನೆ ಕೂತ ಗಳಿಗೆಗಳು. ಉಳಿದದ್ದು ಒಂಬತ್ತು ನಿಮಿಷಕ್ಕೆ ಸರಿಯಾಗಿ ಕೂರಬೇಕು. ಪ್ರಸಾರವಾದ ಮರುದಿನವೇ ಕಂಪ್ಯೂಟರಿನಲ್ಲಿ ಕತ್ತರಿಸಿ ಉಳಿದದ್ದನ್ನೂ ಕಾರ್ಡನ್ನೂ ಪೂರ್ತಿ ಅಳಿಸಿ, ಕಾರ್ಡನ್ನು ಮುಂದಿನ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ. ಕ್ಯಾಸೆಟ್ಟಿನ ಕಾಲದಲ್ಲಿ ಒಂದರ ಮೇಲೊಂದು ತುಂಬಿಸುತ್ತಿದ್ದ ಅಭ್ಯಾಸ. ಈಗ ಜಾಗಕ್ಕೇನೂ ಬರ ಇಲ್ಲ. ಆದರೂ ಅಳಿಸಿದ ಹೊರತು ನನಗೆ ಸಮಾಧಾನವಿಲ್ಲ.

ಕಳೆದ ಆಷಾಢದಲ್ಲಿ ಪಾಂಡವಪುರದಿಂದಾಚೆ, ನಾಲೆ ಬದಿಯ ಒಂದು ಊರಿಗೆ ಹೋದೆ. ಅಲ್ಲಿ ಬೆಲ್ಲಕ್ಕೆ ಹೆಸರಾದ ಯಜಮಾನರೊಬ್ಬರಿದ್ದರು, ಎಪ್ಪತ್ತರ ಹತ್ತಿರ ವಯಸ್ಸು. ಆ ಸುತ್ತಿನಲ್ಲಿ ಆಲೆಮನೆಗಳಿಗೆ ಕೊರತೆಯಿಲ್ಲ. ಆದರೆ ಇವರ ಅಚ್ಚು ಬೆಲ್ಲದ ಬಣ್ಣವೇ ಬೇರೆ, ಘಮವೇ ಬೇರೆ ಎಂದು ಜನ ಹುಡುಕಿಕೊಂಡು ಬರುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಪಾಕವಾಗುತ್ತದಲ್ಲ, ಅದನ್ನು ಯಾವ ಗಳಿಗೆಯಲ್ಲಿ ಒಲೆಯಿಂದ ಇಳಿಸಬೇಕು ಎನ್ನುವುದರಲ್ಲೇ ಎಲ್ಲ ಇರುವುದು. ತುಸು ಮುಂಚೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ತುಸು ತಡವಾದರೆ ಸೀದು ಕರ್ರಗಾಗುತ್ತದೆ. ನನ್ನ ಕಾರ್ಯಕ್ರಮಕ್ಕೆ ಹೇಳಿ ಮಾಡಿಸಿದ ವಿಷಯ.

ಗಾಣ ನಿಂತಿದ್ದ ಹೊತ್ತು ನೋಡಿ, ಆಲೆಮನೆಗೆ ಅಂಟಿಕೊಂಡೇ ಇದ್ದ ಅವರ ಮನೆಯ ಪಡಸಾಲೆಯಲ್ಲಿ ಕೂತೆವು. ಅವರ ಹೆಂಡತಿ ಗೋಡೆಗೊರಗಿ ಸೊಪ್ಪು ಬಿಡಿಸುತ್ತಿದ್ದರು. ಎಲೆಯೊಂದನ್ನು ಕಿತ್ತಾಗಲೆಲ್ಲ ಬಳೆ ಸದ್ದು.

‘ಅಮ್ಮ, ಸ್ವಲ್ಪ ಆಚೆ ಹೋಗ್ತೀರಾ? ಬಳೆ ಸದ್ದು ಮೈಕಿಗೆ ಬರುತ್ತೆ’ ಎಂದೆ. ಕೇಳಿದ್ದಲ್ಲ, ಗದರಿದ್ದೇ.

‘ಓಯ್ತೀನಿ ಬುಡವ್ವ’ ಎಂದು ಸೊಪ್ಪಿನ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು.

ಯಜಮಾನರು ನಲವತ್ತು ನಿಮಿಷ ಮಾತಾಡಿದರು. ಸುಣ್ಣ ಎಷ್ಟು ಹಾಕಬೇಕು, ಬೆಂಡೆ ಗಿಡದ ಲೋಳೆಯಿಂದ ಕೊಳೆ ಹೇಗೆ ಮೇಲೆ ಬರುತ್ತದೆ, ಒಲೆಗೆ ಕಬ್ಬಿನ ಸಿಪ್ಪೆ ಹೇಗೆ ಒಡ್ಡಬೇಕು, ಎಲ್ಲ ಒಪ್ಪವಾಗಿ ಹೇಳಿದರು. ಕೊನೆಯಲ್ಲಿ, ಪಾಕ ಬಂತೆಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಅವರು ಹಿತ್ತಲ ಕಡೆ ಒಂದು ಸಲ ನೋಡಿದರು.

‘ಎಲ್ಲ ನನ್ ಕೈ ಗುಣ ಅಂತಾರೆ ಜನ. ಅವಳಿಲ್ವಲ್ಲ ಇಲ್ಲಿ, ಯೋಳ್ಬುಡ್ತೀನಿ ಕೇಳವ್ವ. ನಂಗೆ ವಾಸ್ನೆನೇ ಗೊತ್ತಾಗಕಿಲ್ಲ. ಸಣ್ಣೋನಿದ್ದಾಗ ಜರ ಬಂದು ಮೂಗು ಸತ್ತೋಯ್ತು. ಪಾಕ ಬಂದಿದ್ದು ಅವಳ್ ಮೂಗಿಗೆ ಗೊತ್ತಾಯ್ತದೆ. ಆಲೆಮನೆ ಬಾಗ್ಲಲ್ಲಿ ನಿಂತ್ಕಂಡು ‘ಮಜ್ಜಿಗೆ ಬೇಕಾ?’ ಅಂತಾಳೆ. ಅವಳು ಅಂಗಂದೇಟ್ಗೆ ನಾನು ‘ಇಳ್ಸ್ರುಲಾ’ ಅಂತೀನಿ. ಗಂಡುನ್ ಮ್ಯಾಲೆ ಎಷ್ಟ್ ಪ್ರೀತಿ ನೋಡ್ಲಾ ಅಂತ ಆಳ್ಗೊಳೆಲ್ಲ ನಗ್ತಾವ್ರೆ. ನಲವತ್ತು ವರ್ಸ ಆಯ್ತು. ಹೆಸ್ರೆಲ್ಲ ನಂದು, ಬೆಲ್ಲ ಅವಳ್ದು.’

ನನಗೂ ನಗು ಬಂತು. ವರದಿಗಾರ್ತಿಯ ಚಾಳಿ, ನಿಮ್ಮ ಹೆಂಡತಿಯ ಹೆಸರೇನು ಎಂದು ಕೇಳಿಬಿಟ್ಟೆ. ಯಜಮಾನರು ನಾಚಿ ನೆಲ ನೋಡಿದರು. ‘ಮದ್ವೆ ದಿನ ಹೊಸ್ಲು ದಾಟೋವಾಗ ಹೆಸ್ರೇಳ್ಸ್ತಾರಲ್ಲ, ಅವತ್ತು ಯೋಳಿದ್ದು. ಆಮ್ಯಾಕೆ ‘ಲೇ ಇವಳೇ’ ಅಂದೇ ಕಾಲ ಹಾಕ್ಬುಟ್ಟೆ’ ಎಂದು, ಸ್ವಲ್ಪ ತಡೆದು, ಹೆಸರು ಹೇಳಿದರು. ಮೆತ್ತಗೆ, ಯಾರಾದರೂ ಎದ್ದುಬಿಟ್ಟಾರು ಎನ್ನುವ ಹಾಗೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ಮನೆಗೆ ಬಂದು ಅದನ್ನು ನಾಲ್ಕು ಸಲ ಕೇಳಿ ಒಂಬತ್ತು ನಿಮಿಷಕ್ಕೆ ಇಳಿಸಿದೆ. ಮಜ್ಜಿಗೆಯ ಮಾತನ್ನು ಇಡಲೋ ಬೇಡವೋ ಎಂದು ಯೋಚಿಸಿದೆ, ಅದೂ ಸುಳ್ಳಲ್ಲ. ಆದರೆ ರೈತರಿಗೆ ಅದರಿಂದ ಉಪಯೋಗವೇನು ಎನ್ನಿಸಿತು. ಹೆಸರಾದ ಬೆಲ್ಲದವರಿಗೆ ವಾಸನೆಯೇ ತಿಳಿಯುವುದಿಲ್ಲ ಎಂದರೆ ಅವರು ಹೇಳಿದ ಸುಣ್ಣದ ಲೆಕ್ಕವನ್ನು ಯಾರು ನಂಬುತ್ತಾರೆ? ತೆಗೆದುಬಿಟ್ಟೆ. ಕೊನೆಗೆ ಮಾತು ಗಟ್ಟಿಯಾಗಿ ನಿಲ್ಲಲಿ ಎಂದು ‘ಅಂತಾರೆ ಜನ’ ಎನ್ನುವುದನ್ನೂ ಕತ್ತರಿಸಿದೆ. ‘ಎಲ್ಲ ನನ್ ಕೈ ಗುಣ’ ಎನ್ನುವಲ್ಲಿಗೆ ಸಂದರ್ಶನ ಮುಗಿಯಿತು. ಸೊಗಸಾಗಿ ಮುಗಿಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪ್ರಸಾರದ ದಿನವನ್ನು ಮಾತಾಡಿದವರಿಗೆ ಫೋನ್ ಮಾಡಿ ತಿಳಿಸುವುದು ನನ್ನ ಪದ್ಧತಿ. ಈ ಸಲ ಮಾಡಲಿಲ್ಲ. ಜ್ವರ ಬಂದು ಮಲಗಿದ್ದೆ, ಒಂದು ಲೋಟ ನೀರು ಕೊಡುವವರಿಲ್ಲದೆ ನನ್ನ ಮೇಲೆ ನನಗೇ ಸಿಡುಕು. ಯಾರಿಗೆ ಬೇಕಾಗಿದೆ ಈ ಫೋನು, ಕೇಳಿದರೆ ಕೇಳಲಿ ಬಿಟ್ಟರೆ ಬಿಡಲಿ ಎಂದುಕೊಂಡೆ. ಮಾಡಿದ್ದರೆ ಯಜಮಾನರು ತೀರಿಕೊಂಡು ಒಂಬತ್ತು ದಿನವಾಗಿದೆ ಎಂದು ತಿಳಿಯುತ್ತಿತ್ತು. ಆ ಬೆಳಿಗ್ಗೆ ನಮ್ಮ ಉದ್ಘೋಷಕರು ಎಂದಿನ ಹಾಗೆ ‘ಈಗ ನಮ್ಮೊಂದಿಗಿದ್ದಾರೆ’ ಎಂದು ಅವರ ಹೆಸರು ಹೇಳಿದರು. ಮರುದಿನ ನಾನು ಕಾರ್ಡು ಅಳಿಸಿದೆ.

ದಸರಾ ಕಳೆದ ಮೇಲೆ ಒಂದು ದಿನ ಮಧ್ಯಾಹ್ನ ಫೋನು ಬಂತು.

‘ರೇಡಿಯಾದವ್ವನಾ? ನಾನು ಆಲೆಮನೆಯೋಳು ಕಣವ್ವ, ನಾಲೆ ತಾವ. ಸೊಪ್ಪು ಬುಡಿಸ್ತಿದ್ನಲ್ಲ.’

ನೆನಪಾಯಿತು. ಯಜಮಾನರು ಹೇಗಿದ್ದಾರೆ ಎಂದೆ. ಹೋದರು ಎಂದರು.

‘ಅದಿರ್ಲಿ. ಅವ್ರು ನಿನ್ತಾವ ಎಷ್ಟೊತ್ತು ಮಾತಾಡಿದ್ರು?’

‘ನಲವತ್ತು ನಿಮಿಷ ಅಮ್ಮ.’

‘ರೇಡಿಯಾದಾಗೆ ಬಂದಿದ್ದು ಅಷ್ಟೇಯಾ? ನನ್ ಇಸ್ಯ ಏನೂ ಅನ್ಲಿಲ್ವಾ?’

ಹೌದು ಅಮ್ಮ, ಹೇಳಿದ್ದರು, ನಾನು ತೆಗೆದುಹಾಕಿದೆ. ಇಷ್ಟು ಹೇಳಿದ್ದರೆ ಆಗುತ್ತಿತ್ತು. ‘ಬಹಳ ದಿನ ಆಯ್ತಲ್ಲ ಅಮ್ಮ, ನೆನಪಿಲ್ಲ. ನೋಡಿ ಹೇಳ್ತೀನಿ’ ಎಂದೆ. ಥೂ ನನ್ನ ಜನ್ಮಕ್ಕೆ! ಫೋನು ಇಟ್ಟವಳೇ ಮೂರು ಕಾರ್ಡುಗಳನ್ನೂ ಕಂಪ್ಯೂಟರನ್ನೂ ಜಾಲಾಡಿದೆ. ಒಂಬತ್ತು ನಿಮಿಷದ್ದು ಇತ್ತು. ಉಳಿದ ಮೂವತ್ತೊಂದು ನಿಮಿಷ ಎಲ್ಲಿಯೂ ಇರಲಿಲ್ಲ. ಅಳಿಸಿದ್ದನ್ನು ತೆಗೆಯಬಲ್ಲವನು ಎಂದು ಯಾರೋ ಹೇಳಿದ ಕೆ.ಆರ್. ಪೇಟೆಯ ಒಬ್ಬ ಕಂಪ್ಯೂಟರಿನವನ ಬಳಿಗೂ ಹೋಗಿಬಂದೆ. ಕಾರ್ಡಿನ ಮೇಲೆ ಆಗಲೇ ಆರು ಸಂದರ್ಶನ ಮಾಡಿದ್ದೀರಿ, ಇನ್ನು ಬರುವುದಿಲ್ಲ ಎಂದ.

ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮಾತು ಕೇಳಿದವಳು ಜಗತ್ತಿನಲ್ಲಿ ನಾನೊಬ್ಬಳೇ ಎನ್ನುವುದು ತಲೆಗೆ ಬಂದಾಗ ಹೆದರಿಕೆಯಾಯಿತು. ಗುರುವಾರ ಬೆಳಿಗ್ಗೆ ಪಾಂಡವಪುರದ ಬಸ್ಸು ಹತ್ತಿದೆ.

ಅದೇ ಪಡಸಾಲೆಯಲ್ಲಿ ಅವರೊಬ್ಬರೇ ಕೂತಿದ್ದರು. ಕೈಯಲ್ಲಿ ಬಳೆ ಇರಲಿಲ್ಲ. ಆಲೆಮನೆಯನ್ನು ಈಗ ಮೈದುನ ನಡೆಸುತ್ತಾನೆ, ತಾವು ಅದರ ಬಾಗಿಲಿಗೂ ಹೋಗುವುದಿಲ್ಲ ಎಂದರು. ‘ಬೆಲ್ಲ ಕೆಟ್ಟೋಯ್ತಂತೆ. ಯಜಮಾನ್ರ ಜೊತೇಲೇ ಕೈ ಗುಣಾನೂ ಓಯ್ತು ಅಂತಾವ್ರೆ ಜನ’ ಎಂದು ನಕ್ಕರು. ಆ ನಗು ನೋಡಲಾಗದೆ ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ.

‘ಅವತ್ತು ಸುಳ್ಳು ಹೇಳಿದೆ ಅಮ್ಮ. ನಿಮ್ಮ ವಿಷಯ ಹೇಳಿದ್ರು. ನಾನೇ ತೆಗೆದುಹಾಕಿದ್ದು.’

‘ನನ್ ಸಮಾದಾನುಕ್ಕೆ ಯೋಳ್ತಿದ್ದೀಯ ಬುಡು.’

‘ಆಲೆಮನೆ ಬಾಗಿಲಲ್ಲಿ ನಿಂತು ಮಜ್ಜಿಗೆ ಬೇಕಾ ಅಂತಿದ್ರಂತಲ್ಲ ನೀವು.’

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಶುರುವಾಯಿತು. ‘ಅಯ್ಯೋ ನಿನ್ ಮನೆ ಹಾಳಾಗ! ತೆಗ್ದಾಕ್ದಾ? ಯಾಕವ್ವ, ನಾನೇನ್ ಮಾಡಿದ್ದೆ ನಿಂಗೆ? ಮನೆ ತುಂಬ ನೆಂಟ್ರಿದ್ರು ಅವತ್ತು. ರೇಡಿಯಾದಾಗೆ ಅವ್ರ್ ದನಿ ಬಂದೇಟ್ಗೆ ಎಲ್ರೂ ಗೊಳೋ ಅಂತ ಅತ್ರು. ನಾನೂ ಅತ್ತೆ. ಕೊನೇಗೆ ಎಲ್ಲ ನನ್ ಕೈ ಗುಣ ಅಂದ್ರಲ್ಲ, ನಂಗೆ ಕಣ್ಣೀರೇ ನಿಂತೋಯ್ತು. ಸಾಯೋ ಗಂಟ ಯಾರ್ಗೂ ಯೋಳ್ನಿಲ್ಲ, ರೇಡಿಯಾದೋರು ಮನೆಗ್ ಬಂದು ಕೇಳುದ್ರೂ ಯೋಳ್ನಿಲ್ಲ ಅಂತ. ತಿಥಿ ದಿನ ಎಡೆಗೆ ಅವ್ರಿಗೆ ಇಷ್ಟವಾದ್ದೆಲ್ಲ ಇಕ್ಕುದ್ರು. ಮಜ್ಜಿಗೆ ಇಕ್ಕು ಅಂದ್ರು ನಂಗೆ. ನಾನಿಕ್ನಿಲ್ಲ! ಸತ್ತೋರ್ ಮ್ಯಾಲೆ ಮುನಿಸ್ಕಂಡು ಕುಂತಿದ್ನಲ್ಲವ್ವ ಇಷ್ಟ್ ದಿನ!’

ನನಗೆ ಬೈದವರಿಗೆ ನಾನು ಎರಡರಷ್ಟು ಬೈಯುವವಳು. ಅವತ್ತು ಎಲ್ಲ ಬೈಸಿಕೊಂಡೆ. ಮುಂದಿನ ವಾರವೇ ರೇಡಿಯೊದಲ್ಲಿ ಹೇಳುತ್ತೇನೆ, ತಪ್ಪು ನನ್ನದೆಂದೇ ಹೇಳುತ್ತೇನೆ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

‘ಊರ್ಗ್ಯಾಕವ್ವ ಅದು? ಸತ್ತೋರ್ ಮೂಗಿನ್ ಇಸ್ಯ ಊರೆಲ್ಲ ಆಡ್ಕಳಕಾ? ಬ್ಯಾಡ. ನಂಗ್ ಯೋಳು ಸಾಕು. ಅವ್ರ್ ಎಂಗ್ ಯೋಳುದ್ರೋ ಅಂಗೇ ಯೋಳು.’

ನಾಲ್ಕು ಸಲ ಕೇಳಿದ್ದೆನಲ್ಲ, ಯಜಮಾನರು ಎಲ್ಲಿ ತಡೆದರು, ಎಲ್ಲಿ ಗಂಟಲು ಸರಿಮಾಡಿಕೊಂಡರು, ಎಲ್ಲ ಕಿವಿಯಲ್ಲಿತ್ತು. ಕಣ್ಣು ಮುಚ್ಚಿಕೊಂಡು ಹೇಳಿದೆ. ಜರ ಬಂದದ್ದು, ಮೂಗು ಸತ್ತದ್ದು, ಹೆಸರೆಲ್ಲ ನಂದು ಬೆಲ್ಲ ಅವಳ್ದು ಎಂದದ್ದು. ಹೆಸರು ಹೇಳುವಲ್ಲಿ ಅವರು ಎಷ್ಟು ತಡೆದಿದ್ದರೋ ಅಷ್ಟೇ ತಡೆದು, ಅಷ್ಟೇ ಮೆತ್ತಗೆ ಹೇಳಿದೆ.

‘ನನ್ನೆಸ್ರಾ? ಅವ್ರ್ ಬಾಯಲ್ಲಿ ನನ್ನೆಸ್ರು ಬಂತಾ?’

‘ಬಂತು ಅಮ್ಮ.’

‘ಇನ್ನೊಂದ್ ಸಲ ಅನ್ನು.’

ಮೂರು ಸಲ ಹೇಳಿಸಿದರು. ಮೂರನೆಯ ಸಲ ನನಗೇ ಅಳು ಬಂದು ಮಾತು ಕೆಟ್ಟಿತು. ‘ಅಂಗಲ್ಲ, ಸರ್ಯಾಗ್ ಯೋಳು’ ಎಂದು ಗದರಿದರು. ಮತ್ತೆ ಹೇಳಿದೆ. ಸಂಜೆಯ ಬಸ್ಸಿಗೆ ಹೊರಟಾಗ ಬಾಗಿಲವರೆಗೂ ಬಂದು, ಮರೆತುಹೋದರೆ ಏನು ಮಾಡಲಿ ಎಂದರು. ಫೋನ್ ಮಾಡಿ ಅಮ್ಮ ಎಂದೆ.

ಮಾಡುತ್ತಾರೆ. ಎರಡು ಮೂರು ದಿನಕ್ಕೊಮ್ಮೆ, ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ. ಕುಶಲ ಕೇಳುವುದಿಲ್ಲ, ಊಟ ಆಯ್ತಾ ಎನ್ನುವುದಿಲ್ಲ. ‘ಯೋಳವ್ವ’ ಎನ್ನುತ್ತಾರೆ, ಅಷ್ಟೇ. ನಾನು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಮುಗಿದ ಮೇಲೆ ಫೋನು ಇಡುತ್ತಾರೆ. ಈಗೀಗ ಮಧ್ಯಾಹ್ನವಾದರೆ ನಾನು ಕೌದಿಯ ಕೋಣೆಯಿಂದ ಹೊರಗೆ ಬಂದು ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ. ನನ್ನ ಮಾತಿಗೆ ಕಾದಿರುವವರು ಅವರೊಬ್ಬರೇ. ಅವರಿಗೆ ಬೇಕಾಗಿರುವುದು ನನ್ನ ಮಾತಲ್ಲ ಎನ್ನುವುದು ಗೊತ್ತಿದ್ದೂ ಕೂತಿರುತ್ತೇನೆ.

ಈಚೆಗೆ ಒಂದು ಭಯ ಹತ್ತಿದೆ. ಯಜಮಾನರ ಧ್ವನಿ ನನ್ನ ಕಿವಿಯಿಂದ ಜಾರುತ್ತಿದೆ. ಮೊದಲು ಕೆಮ್ಮು ಹೋಯಿತು, ಆಮೇಲೆ ಎಲ್ಲೆಲ್ಲಿ ತಡೆಯುತ್ತಿದ್ದರು ಎನ್ನುವುದು ಹೋಯಿತು. ಒಂಬತ್ತು ನಿಮಿಷದ ಪ್ರಸಾರವನ್ನು ಹಾಕಿಕೊಂಡು ಕೇಳಿದೆ. ಅಲ್ಲಿರುವುದು ಸುಣ್ಣದ ಲೆಕ್ಕ ಹೇಳುವ ಧ್ವನಿ. ಹೆಂಡತಿಯ ಹೆಸರು ಹೇಳುವಾಗ ಅದು ಬೇರೆಯೇ ಆಗಿತ್ತು. ಅದನ್ನು ಇನ್ನು ಎಲ್ಲಿಂದ ತರಲಿ?

ನಿನ್ನೆ ಫೋನು ಬಂದಾಗ ಎಷ್ಟು ಹೊತ್ತು ಕಣ್ಣು ಮುಚ್ಚಿದರೂ ಏನೂ ಕೇಳಿಸಲಿಲ್ಲ. ಅತ್ತ ಕಡೆ ಅವರು ಕಾಯುತ್ತಿದ್ದರು. ಕೊನೆಗೆ ಸೋತು, ನನಗೆ ಹೇಗೆ ಬರುತ್ತದೋ ಹಾಗೆ, ನನ್ನ ಧ್ವನಿಯಲ್ಲೇ ಅವರ ಹೆಸರು ಹೇಳಿದೆ. ಸಿಕ್ಕಿಬಿದ್ದೆ ಎಂದುಕೊಂಡೆ. ಮೂಗು ಏರಿಸಿಕೊಂಡ ಸದ್ದು ಕೇಳಿಸಿತು.

‘ಇವತ್ತು ಥೇಟ್ ಅವ್ರೇ ಕರ್ದಂಗಾಯ್ತು ಕಣವ್ವ’ ಎಂದು ಫೋನು ಇಟ್ಟರು.